ಅವಳಿ ಮಸೂರದ ಹಳೆಯ ಕ್ಯಾಮೆರಾ: ಬೆಲೆ ಇರುವುದೆಲ್ಲಿ?

ಒಂದರ ಮೇಲೊಂದು ಎರಡು ಮಸೂರಗಳಿರುವ, ಪೆಟ್ಟಿಗೆಯಂತಹ ಹಳೆಯ ಕ್ಯಾಮೆರಾವನ್ನು ನೀವು ನೋಡಿರಬಹುದು. ಮನೆಯಲ್ಲಿ ಸಿಕ್ಕ ಇಂತಹ ಕ್ಯಾಮೆರಾವನ್ನು ಗುಜರಿಗೆ ಹಾಕುವವರಿದ್ದಾರೆ. ಹೊರಮೈಯ ಹೊಳಪಿಗೆ ಮರುಳಾಗಿ ಹೆಚ್ಚು ಹಣ ತೆತ್ತು ಕೊಳ್ಳುವವರೂ ಇದ್ದಾರೆ. ಹಾಗಾದರೆ ಅದರ ನಿಜವಾದ ಬೆಲೆಯನ್ನು ತಿಳಿಯುವುದು ಹೇಗೆ?

ಜರ್ಮನಿಯ ಫ್ರಾಂಕೆ ಮತ್ತು ಹೈಡೆಕೆ ಸಂಸ್ಥೆ 1929ರಲ್ಲಿ ಹೊರತಂದ ರೋಲೈಫ್ಲೆಕ್ಸ್ ಈ ಬಗೆಯ ಕ್ಯಾಮೆರಾವನ್ನು ಜನಪ್ರಿಯಗೊಳಿಸಿತು. ಇದರಲ್ಲಿ ಮೇಲಿನ ಮಸೂರದ ಮೂಲಕ ಬಂದ ಬೆಳಕು ಓರೆಯಾಗಿಟ್ಟ ಕನ್ನಡಿಯಲ್ಲಿ ಪ್ರತಿಫಲಿಸಿ, ಮೇಲ್ಭಾಗದ ಮಸುಕು ಗಾಜಿನ ಮೇಲೆ ಬಿಂಬ ಮೂಡಿಸುತ್ತದೆ. ಫಿಲ್ಮಿನ ಮೇಲೆ ಚಿತ್ರ ಮೂಡಿಸುವುದು ಕೆಳಗಿನ ಮಸೂರ. ನೆಗೆಟಿವ್‌ನ ಅಳತೆ ಸುಮಾರು 56 x 56 ಮಿಮೀ. ಇದರ ವಿಸ್ತೀರ್ಣ 35 ಮಿಮೀ ಫಿಲ್ಮಿನ ಚಿತ್ರಕ್ಕಿಂತ (24 x 36 ಮಿಮೀ) 3.6 ಪಟ್ಟು ಹೆಚ್ಚು. ಇದಕ್ಕೆ ಬೇಕಾದ 120 ಫಿಲ್ಮ್ ಇಂದಿಗೂ ತಯಾರಾಗುತ್ತಿದೆ. ಆದ್ದರಿಂದ ಈ ಕ್ಯಾಮೆರಾ ಬರಿಯ ಪ್ರದರ್ಶನದ ವಸ್ತುವಲ್ಲ.

ಕೊಳ್ಳುವವರು ಸಾಮಾನ್ಯವಾಗಿ ಮೇಲಿನಿಂದ ಇಣುಕಿ, ಬಿಂಬ ಸ್ಪಷ್ಟವಾಗಿದ್ದರೆ ತೃಪ್ತರಾಗುತ್ತಾರೆ. ಆದರೆ ಆ ಬಿಂಬ ಚಿತ್ರ ತೆಗೆಯುವ ಮಸೂರದ್ದಲ್ಲ! ಮೇಲಿನ ಮಸೂರದಲ್ಲಿ ಬೂಷ್ಟು ಇದ್ದರೆ ನೋಟಕ್ಕಷ್ಟೇ ತೊಂದರೆ. ಕೆಳಗಿನದರಲ್ಲಿದ್ದರೆ ಬೆಳಕು ಚದರಿ ಚಿತ್ರವೇ ಮಂಕಾಗುತ್ತದೆ. ಬೂಷ್ಟು ಸ್ರವಿಸುವ ಆಮ್ಲವು ಮಸೂರದ ಲೇಪನವನ್ನು ಕೊರೆದಿದ್ದರೆ ಒರೆಸಿ ಪ್ರಯೋಜನವಿಲ್ಲ.

ಪರೀಕ್ಷೆ ಸುಲಭ. ಫಿಲ್ಮ್ ಇಲ್ಲವೆಂದು ಖಚಿತಪಡಿಸಿಕೊಂಡು ಹಿಂಬಾಗಿಲು ತೆರೆಯಿರಿ. ಶಟರನ್ನು 'ಬಿ' ಸ್ಥಾನದಲ್ಲಿಟ್ಟು ಗುಂಡಿಯನ್ನು ಒತ್ತಿ ಹಿಡಿಯಿರಿ. ಕೆಳಗಿನ ಮಸೂರಕ್ಕೆ ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದೇ ಬೂಷ್ಟು.

ಬಳಿಕ ಶಟರನ್ನು 1 ಸೆಕೆಂಡಿಗೆ ಇಟ್ಟು ಅದರ ಸದ್ದು ಕೇಳಿ. ಒಳಗಿನ ಎಣ್ಣೆ ಅಂಟಾಗಿದ್ದರೆ ಹಲ್ಲುಚಕ್ರಗಳು ನಿಧಾನವಾಗುತ್ತವೆ. 2 ಸೆಕೆಂಡ್ ತೆಗೆದುಕೊಂಡರೆ ಫಿಲ್ಮಿಗೆ ಎರಡರಷ್ಟು ಬೆಳಕು ಬಿದ್ದಂತಾಯಿತು. ಆದರೆ ಇದು ದುರಸ್ತಿಯಾಗಬಲ್ಲ ದೋಷ. ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಹೆಸರು ಮತ್ತು ವಿರಳತೆಯ ಜೊತೆಗೆ ಮಸೂರದ ರಚನೆಯೂ ಬೆಲೆಯನ್ನು ನಿರ್ಧರಿಸುತ್ತದೆ. ಮೂರು ಗಾಜುಗಳ ಅಗ್ಗದ ಮಸೂರದಲ್ಲಿ, ದ್ವಾರವನ್ನು ಪೂರ್ತಿ ತೆರೆದಾಗ ಚಿತ್ರದ ಅಂಚು ಮಸುಕಾಗುತ್ತದೆ. ಯಾಷಿಕಾ ಮ್ಯಾಟ್-124ಜಿಯಲ್ಲಿ ನಾಲ್ಕು ಗಾಜುಗಳ ಟೆಸ್ಸಾರ್ ಮಾದರಿಯ ಮಸೂರವಿದೆ. ಪಾಲ್ ರುಡಾಲ್ಫ್ 1902ರಲ್ಲಿ ರೂಪಿಸಿದ ವಿನ್ಯಾಸ ಅದು. ರೋಲೈಫ್ಲೆಕ್ಸ್ 2.8ಎಫ್‌ನ ಪ್ಲಾನಾರ್ ಮಸೂರದಲ್ಲಿ ಐದು ಗಾಜುಗಳಿವೆ. ಅದರ ಬೆಲೆ ಯಾಷಿಕಾಗಿಂತ ಬಹಳ ಹೆಚ್ಚು.

124ಜಿಯ ಬೆಳಕು ಮಾಪಕ ಕೆಲಸ ಮಾಡುತ್ತದೆಂದು ಯಾರಾದರೂ ಹೆಚ್ಚು ಬೆಲೆ ಕೇಳಿದರೆ ಎಚ್ಚರ. ಅದು 1.35 ವೋಲ್ಟಿನ ಪಾದರಸದ ಕೋಶಕ್ಕೆಂದು ಮಾಡಿದ್ದು. ಈಗ ಸಿಗುವ 1.5 ವೋಲ್ಟಿನ ಕೋಶ ಹಾಕಿದರೆ ಮುಳ್ಳು ತಪ್ಪು ತೋರಿಸಬಹುದು.

ನಿಮ್ಮಲ್ಲೇ ಇಂತಹ ಕ್ಯಾಮೆರಾ ಇದ್ದರೆ ಒಳಗಿನ ಕನ್ನಡಿಯನ್ನು ಬಟ್ಟೆಯಿಂದ ಉಜ್ಜಬೇಡಿ. ಅದರ ಪ್ರತಿಫಲಕ ಲೇಪನ ಗಾಜಿನ ಮುಂಬದಿಯಲ್ಲೇ ಇರುವುದರಿಂದ ಗೀಚುಗಳಾಗುತ್ತವೆ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡಬೇಡಿ. ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಡಬ್ಬಿಯಲ್ಲಿಡಿ. ಗುಜರಿಗೆ ಹಾಕುವ ಮುನ್ನ ಒಮ್ಮೆ ಟಾರ್ಚ್ ಹಿಡಿದು ನೋಡಿ.