ಮಾಂಡೋವಿಯಲ್ಲಿ ಮುಳುಗಿದ ಜೋಡಿ ರಾಜರು!

ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗಿಗೆ ದೋಣಿಯಲ್ಲಿ ಹೋಗುವಾಗ ನನ್ನ ತಲೇಲಿ ಇದ್ದವನು ಒಬ್ಬನೇ: 2006ರ 'ಕ್ಯಾಸಿನೊ ರಾಯಲ್' ಬಾಂಡ್! ಕೊನೇ ಆಟದಲ್ಲಿ ನಾಲ್ಕರಿಂದ ಎಂಟರವರೆಗೆ ಇಸ್ಪೇಟಿನ ಸಾಲು ಬಿಚ್ಚಿ ಎದುರಾಳಿಯ ಬೆವರಿಳಿಸಿದನಲ್ಲ, ಅವನು. ('ಗೋವಾದಲ್ಲಿ ಸಿ.ಐ.ಡಿ. 999' ಕಾಲದಿಂದಲೂ ಗೋವಾ ಅಂದ್ರೆ ನಮಗೆ ಇಂಥದೇ ಭ್ರಮೆ.)

ಪೋಕರ್ ಟೂರ್ನಮೆಂಟಿಗೆ ಕೂತ ಮೇಲೆ ಗೊತ್ತಾಯ್ತು, ಇದು ಬಹುಪಾಲು ಎಲೆ ಎಸೆದು ಕಾಯೋ ಆಟ. ಕೈಗೆ ಎರಡೇ ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ್ದು ಐದು. ಕಾಯ್ತೀನಿ ಅಂದ್ರೂ ಸುಖವಿಲ್ಲ. ಕಡ್ಡಾಯದ ಪಣ ಹೊತ್ತು ಕಳೆದಂತೆ ಏರುತ್ತೆ, ಬಿಲ್ಲೆ ಕರಗುತ್ತೆ. ನಾನು ಕಟ್ಟಿದ ಪ್ರವೇಶದ ದುಡ್ಡು, ಹೇಳಿಬಿಡ್ತೀನಿ, ಮನೆ ಬಾಡಿಗೆಯದು.

ಎರಡು ಗಂಟೆ ಕಳೆದ ಮೇಲೆ ಬಂದ್ವು ನೋಡಿ, ಜೋಡಿ ರಾಜರು! ಇದ್ದಬದ್ದ ಬಿಲ್ಲೆಯೆಲ್ಲ ಮುಂದಕ್ಕೆ ತಳ್ಳಿದೆ. ಎದುರಿನ ಕನ್ನಡಕದ ಹುಡುಗ ಎಕ್ಕ-ರಾಣಿ ಹಿಡಿದು ಒಪ್ಪಿಕೊಂಡ. 100ಕ್ಕೆ 70 ಸಲ ಗೆಲುವು ನನ್ನದೇ. ಮೊದಲ ಮೂರೆಲೆ, ಏನಿಲ್ಲ. ನಾಲ್ಕನೆಯದು, ಏನಿಲ್ಲ. ಐದನೆಯದು... ಎಕ್ಕ!

ಆ ಐದನೇ ಎಲೆಗೆ ಪೋಕರ್ ಭಾಷೇಲಿ 'ರಿವರ್' ಅಂತಾರೆ. ನದಿ ಮೇಲೆ ಕೂತು ನದಿಯಲ್ಲೇ ಮುಳುಗಿದೆ!

ಹುಡುಗ ನಗಲೂ ಇಲ್ಲ. ಡೀಲರ್ ಆಗಲೇ ಮುಂದಿನ ಆಟಕ್ಕೆ ಎಲೆ ಹಂಚ್ತಿದ್ದ. ಮತ್ತೆ ಜೋಡಿ ರಾಜರು ಬಂದ್ರೆ ಮತ್ತೆ ಹಾಗೇ ತಳ್ತೀನಿ, ಅದು ತಪ್ಪಲ್ಲ. ಆದರೆ ಮನೆ ಓನರಿಗೆ ಈ 70ರ ಲೆಕ್ಕ ಹೇಳೋದು ಹೇಗೆ?