ಸಾಲಕ್ಕೆ ಸಲ್ಲದ ಸೊತ್ತು



ವೈದ್ಯಕೀಯ ನೆರವಿನ ಅರ್ಜಿಯೊಂದರ ವಿಚಾರಣೆಗೆ ವಿಕ್ರೋಳಿಯ ಕನ್ನಂವಾರ್ ನಗರದ ಮನೆಯೊಂದಕ್ಕೆ ಹೋಗಿದ್ದೆ. ಯಜಮಾನರು ದರ್ಜಿ. ಪತ್ನಿಯ ಶಸ್ತ್ರಚಿಕಿತ್ಸೆಗೆ ಕೈಸಾಲ ಮಾಡಿದ್ದರು. "ಕೋರ್ಟಿನವರು ಬಂದರೆ ಹೊಲಿಗೆ ಮೆಷಿನನ್ನೂ ಒಯ್ಯುತ್ತಾರಂತೆ. ಮೊದಲೇ ಮಾರಿಬಿಡುತ್ತೇನೆ" ಎಂದರು. ಪತ್ನಿ ಮಾತಾಡದೆ ಕೊರಳಿನ ಕರಿಮಣಿ ಮುಟ್ಟಿಕೊಂಡರು.

ಅವರಿಗೆ ಹೇಳಿದ್ದನ್ನೇ ಎಲ್ಲರಿಗೂ ತಿಳಿಸುತ್ತಿದ್ದೇನೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ, ಸಾಲದ ಡಿಕ್ರಿಯಾದರೂ ಕೆಲವು ಸೊತ್ತುಗಳನ್ನು ಜಪ್ತಿ ಮಾಡುವಂತಿಲ್ಲ. ಮನೆಮಂದಿಯ ಉಡುಪು, ಅಡುಗೆ ಪಾತ್ರೆ, ಹಾಸಿಗೆ; ಧಾರ್ಮಿಕ ಪದ್ಧತಿಯಂತೆ ಹೆಂಗಸರು ತೆಗೆಯಬಾರದ ಆಭರಣ; ಕುಶಲಕರ್ಮಿಯ ಉಪಕರಣ; ಭವಿಷ್ಯನಿಧಿ; ಜೀವವಿಮೆಯ ಹಣ ಇವೆಲ್ಲ ಸುರಕ್ಷಿತ. ಸಂಬಳದಲ್ಲಿ ಮೊದಲ 1,000 ರೂಪಾಯಿ, ಉಳಿದುದರ ಮೂರನೇ ಎರಡು ಪಾಲು ನಮ್ಮದೇ. 16,000 ಸಂಬಳವಿದ್ದರೆ 11,000 ಕೈಗೆ ಸಿಗಬೇಕು. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ.

ದಿವಾಳಿ ಅರ್ಜಿಯ ಹಾದಿ ಇಷ್ಟು ಉದಾರವಲ್ಲ. ಮುಂಬಯಿಗೆ ಅನ್ವಯಿಸುವ 1909ರ ಪ್ರೆಸಿಡೆನ್ಸಿ ನಗರಗಳ ದಿವಾಳಿ ಕಾಯಿದೆಯಲ್ಲಿ ಉಪಕರಣ, ಬಟ್ಟೆ, ಪಾತ್ರೆ, ಪೀಠೋಪಕರಣ ಎಲ್ಲ ಸೇರಿ ಉಳಿಸಿಕೊಳ್ಳಬಹುದಾದ ಮೌಲ್ಯ ಬರೇ 300 ರೂಪಾಯಿ! ಆದ್ದರಿಂದ ವಕೀಲರನ್ನು ಕೇಳದೆ ಆ ಹಾದಿ ಹಿಡಿಯಬೇಡಿ.

ಇನ್ನೆರಡು ಎಚ್ಚರಿಕೆ. ಪೇಟೆಯ ಸ್ವಂತ ಫ್ಲ್ಯಾಟಿಗೆ 60ನೇ ಕಲಮಿನ ರಕ್ಷಣೆ ಇಲ್ಲ. ಬಾಡಿಗೆ ನಿಯಂತ್ರಣ ಕಾಯಿದೆಯಡಿ ಇರುವ ಬಾಡಿಗೆದಾರನ ಹಕ್ಕಿಗೆ ಇದೆ. ನಾವೇ ಅಡವಿಟ್ಟ ಚಿನ್ನವನ್ನು ಮಾತ್ರ ಯಾವ ಕಲಮೂ ಬಿಡಿಸಿಕೊಡದು. ಕಾನೂನು ಕಾಯುವ ಕರಿಮಣಿಯನ್ನು ಆಸ್ಪತ್ರೆಯ ಬಿಲ್ಲಿಗೆ ಹೆದರಿ ನಾವೇ ಕೊಟ್ಟುಬಿಡುತ್ತೇವೆ.

ಕೋರ್ಟಿನ ಆದೇಶವಿಲ್ಲದೆ ವಸೂಲಿಯವರು ಮನೆಯ ಸಾಮಾನು ಎತ್ತುವಂತಿಲ್ಲ. ಹೆದರಿಸಿದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ.

ದಾನಿಗಳಲ್ಲಿ ಒಂದು ಮಾತು. ಕಾಯಿದೆ ಮೆಷಿನನ್ನು ಉಳಿಸೀತು, ಔಷಧಿಯ ಬಿಲ್ ಕಟ್ಟದು. ನಮ್ಮ ನೆರವು ಅಡವಿನ ಚೀಟಿ ಬರೆಯುವ ಮೊದಲೇ ತಲುಪಬೇಕು. ಬಡ್ಡಿ ಏರಿದ ಮೇಲೆ ಕೊಟ್ಟ ಹಣ ರೋಗಿಗೆ ಸೇರದೆ ಬಡ್ಡಿಗೆ ಹೋಗುತ್ತದೆ. ಆ ದರ್ಜಿ ಮೆಷಿನ್ ಮಾರಲಿಲ್ಲ. ಆದರೆ ಅವರ ಅರ್ಜಿ ಇನ್ನೂ ನಮ್ಮ ಮುಂದಿದೆ. ತಮ್ಮ ಕೈಲಾದ ದೇಣಿಗೆಯನ್ನು ವೈದ್ಯಕೀಯ ನಿಧಿಗೆ ಬೇಗನೆ ತಲುಪಿಸಬೇಕಾಗಿ ವಿನಂತಿ.