ನಾಲಿಗೆ ಕೆಳಗಿನ ಮಾತ್ರೆ ಏನು ಮಾಡುತ್ತೆ?

ನಮ್ಮ ಕಾಯ್ಕಿಣಿ ಕಡೆ ಎದೆ ಹಿಡಿದ ಹಾಗಾದರೆ ಮೊದಲು ಬರುವ ಮಾತು, "ಗ್ಯಾಸ್ ಆಗಿರ್ಬೇಕು, ಸೋಡಾ ಕುಡಿ". ಕೆಲವೊಮ್ಮೆ ಗ್ಯಾಸೇ ಇರುತ್ತೆ. ಆದರೆ ಏರು ಹತ್ತುವಾಗ, ತೆಂಗಿನಕಾಯಿ ಚೀಲ ಹೊರುವಾಗ ಎದೆ ನಡುವೆ ಭಾರ ಕೂತು, ಎಡಗೈಗೋ ದವಡೆಗೋ ಹರಡಿ, ಕೆಲಸ ನಿಲ್ಲಿಸಿ ಕೂತರೆ ಐದು ನಿಮಿಷದಲ್ಲಿ ಇಳಿಯುವ ನೋವು ಬೇರೆ. ಅದು ಆಂಜೈನಾ. ಹೃದಯದ ಸ್ನಾಯುವಿಗೆ ಕೆಲಸಕ್ಕೆ ತಕ್ಕಷ್ಟು ರಕ್ತ ಸಿಗ್ತಾ ಇಲ್ಲ ಅಂತ ಅರ್ಥ.

ಅಪ್ಪನಿಗೆ ಇದೇ ಅಂತ ಗೊತ್ತಾದಾಗ ಡಾಕ್ಟರು ಐದು ಮಾತ್ರೆ ಬರೆದರು. ಅಪ್ಪ ಕೇಳಿದ್ದು ಒಂದೇ: "ಇದರಲ್ಲಿ ಬ್ಲಾಕ್ ಕರಗಿಸೋದು ಯಾವುದು?"

ಯಾವುದೂ ಅಲ್ಲ. ಪೈಪು ಕಿರಿದಾಗಿದ್ದಾಗ ಪಂಪಿನ ಹೊರೆ ಇಳಿಸುವುದೇ ನೋವಿನ ಮಾತ್ರೆಗಳ ಮುಖ್ಯ ಕೆಲಸ. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳಗಳನ್ನು ಸಡಿಲಿಸುತ್ತೆ. ಅಭಿಧಮನಿಗಳು ಹಿಗ್ಗಿ, ಕಾಲು-ಹೊಟ್ಟೆಯಲ್ಲಿ ಒಂದಷ್ಟು ರಕ್ತ ನಿಂತು, ಹೃದಯಕ್ಕೆ ವಾಪಸ್ ಬರುವುದು ಕಮ್ಮಿ. ಕೆಲವೇ ನಿಮಿಷದಲ್ಲಿ ಹೊರೆ ಇಳಿಯುತ್ತೆ, ಹೃದಯದ ಸ್ವಂತ ನಾಳಗಳೂ ಕೊಂಚ ಅಗಲವಾಗುತ್ತವೆ. ಬಿಪಿಯೂ ಇಳಿಯುವುದರಿಂದ ಕೂತೇ ತಗೋಬೇಕು, ನಿಂತರೆ ತಲೆ ಸುತ್ತಿ ಬೀಳಬಹುದು. ತಲೆನೋವು ಬಂದರೆ ಗಾಬರಿ ಬೇಡ, ಅದೂ ನಾಳ ಹಿಗ್ಗಿದ್ದರಿಂದಲೇ. ಇದರ ಹಿರಿಯಣ್ಣ ನೈಟ್ರೋಗ್ಲಿಸರಿನ್, ಡೈನಮೈಟ್‌ನಲ್ಲಿ ಇರೋದೂ ಅದೇ! ಡೈನಮೈಟ್ ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ಹೃದಯಕ್ಕಾಗಿ ಡಾಕ್ಟರು ಬರೆದದ್ದೂ ಅದನ್ನೇ. ಅದು ಕೆಲಸ ಮಾಡುವ ಗುಟ್ಟು ಬಿಡಿಸಿದವರಿಗೆ 1998ರಲ್ಲಿ ಅವರ ಹೆಸರಿನದೇ ಬಹುಮಾನ ಬಂತು.

ನಮ್ಮಲ್ಲಿ ಯಾರೂ ಬಾಯಿ ಬಿಡದ ಒಂದು ವಿಷಯ: ವಯಾಗ್ರಾ ಜಾತಿಯ ಮಾತ್ರೆ ತಗೊಂಡು ಒಂದೆರಡು ದಿನದೊಳಗೆ ಸಾರ್ಬಿಟ್ರೇಟ್ ತಗೊಂಡರೆ ಬಿಪಿ ಅಪಾಯಕ್ಕೆ ಕುಸಿಯಬಹುದು. ಮರ್ಯಾದೆ ಅಂತ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

ದಿನಾ ತಗೊಳ್ಳುವ ಮೆಟೊಪ್ರೊಲಾಲ್ ಬಡಿತ ನಿಧಾನಿಸುತ್ತೆ. ಹೃದಯದ ಸ್ವಂತ ನಾಳಗಳಿಗೆ ರಕ್ತ ಹರಿಯುವುದು ಬಹುಪಾಲು ಎರಡು ಬಡಿತದ ನಡುವಿನ ಬಿಡುವಿನಲ್ಲಿ. ಬಡಿತ ನಿಧಾನವಾದಷ್ಟೂ ಬಿಡುವು ಉದ್ದ. "ಈಗ ನೋವೇ ಇಲ್ಲ, ಮಾತ್ರೆ ಯಾಕೆ?" ಅಂತ ಅಪ್ಪ ತಿಂಗಳಿಗೊಮ್ಮೆ ಕೇಳ್ತಾರೆ. ಇದನ್ನು ದಿಢೀರ್ ನಿಲ್ಲಿಸಿದರೆ ನೋವು ಇನ್ನೂ ಜೋರಾಗಿ ಮರಳಬಹುದು, ಹೃದಯಾಘಾತವೂ ಆಗಬಹುದು. ಆಮ್ಲೋಡಿಪಿನ್ ನಾಳ ಸಡಿಲಿಸುತ್ತೆ, ಕೆಲವರಿಗೆ ಪಾದ ಬಾತುಕೊಳ್ಳುತ್ತೆ. ಆಸ್ಪಿರಿನ್, ಅಟೋರ್ವಾಸ್ಟಾಟಿನ್ ಎರಡಕ್ಕೂ ನೋವಿನ ಜತೆ ಸಂಬಂಧವಿಲ್ಲ. ಇವು ನಾಳೆಯ ಹೃದಯಾಘಾತ ತಡೆಯೋಕೆ. ಪರಿಣಾಮ ಕಣ್ಣಿಗೆ ಕಾಣಲ್ಲ, ಅದಕ್ಕೇ ಜನ ಮೊದಲು ಬಿಡೋದು ಇವನ್ನೇ.

ಕೂತಲ್ಲೇ ನೋವು ಬಂದರೆ, ಅಥವಾ ಒಂದು ಮಾತ್ರೆ ಇಟ್ಟು ಐದು ನಿಮಿಷವಾದರೂ ಇಳಿಯದಿದ್ದರೆ, ಅದು ಹೃದಯಾಘಾತ ಇರಬಹುದು. ತಕ್ಷಣ 108. ನಮಗಿಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಜಾಸ್ತಿ. ಆಂಜಿಯೋಪ್ಲಾಸ್ಟಿ ಅಂದರೆ ಮಣಿಪಾಲ, ಇಲ್ಲವೇ ಮಂಗಳೂರು. ಮಣಿಪಾಲವೇ ಹೆಚ್ಚುಕಮ್ಮಿ ನೂರು ಕಿಲೋಮೀಟರ್. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟ್‌ನಲ್ಲಿ ಮಗುಚಿದ್ದನ್ನು ಈ ಜಿಲ್ಲೆಯವರು ಯಾರೂ ಮರೆತಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕೂಗು ಆಗ ಜೋರಾಯಿತು.

ಅಪ್ಪ ಕೇಳಿದ "ಕರಗಿಸೋ" ಔಷಧ ಇರೋದು ಇಂಜೆಕ್ಷನ್‌ನಲ್ಲಿ, ಹೆಸರು ಟೆನೆಕ್ಟೆಪ್ಲೇಸ್. ಹಳೇ ಬ್ಲಾಕನ್ನಲ್ಲ, ಅದರ ಮೇಲೆ ಆಗಷ್ಟೇ ಕಟ್ಟಿದ ಹೆಪ್ಪನ್ನು ಅದು ಕರಗಿಸುತ್ತೆ, ಬೇಗ ಕೊಟ್ಟಷ್ಟೂ ಚೆನ್ನಾಗಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಜಿಲ್ಲೆ, ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ತಜ್ಞರು ನೋಡಿ, ಬೇಕಾದವರಿಗೆ ಇದನ್ನು ಉಚಿತವಾಗಿ ಕೊಡ್ತಾರೆ. ಹಾಗಾಗಿ ಕಾರು ಹತ್ತಿಸಿ ಸೀದಾ ಮಣಿಪಾಲಕ್ಕೆ ಓಡುವ ಮೊದಲು, ದಾರಿಯಲ್ಲೇ ಸಿಗುವ ಭಟ್ಕಳದ ತಾಲೂಕು ಆಸ್ಪತ್ರೆಯಲ್ಲಿ ಇಳಿಸಿ ಒಂದು ಇಸಿಜಿ ಮಾಡಿಸಿ.